ಬೇಯದ ಬಟ್ಟಲು

“ನಿಮ್ಮ ಬದುಕನ್ನ ಒಂದು ಬಟ್ಟಲಲ್ಲಿ ಹಾಕಿ, ಹುಟ್ಟಿದಾಗಿನಿಂದ ಮತ್ತೆ ಬೇಯಿಸಿ ನೋಡ್ತೀವಿ” ಅಂತ ರುಖಿಯಾ ಬಾನು ಹೇಳಿದಾಗ ಲೋಹಿತ ಕೇಳಿದ್ದು ಒಂದೇ ಮಾತು: “ಎಷ್ಟು ಹೊತ್ತಾಗುತ್ತೆ ಮೇಡಂ?”

ಬೇಕರಿಯವನ ಬಾಯಲ್ಲಿ ಇನ್ನೇನು ಬರಬೇಕು ಹೇಳಿ! ಬೇರೆ ಗಂಡಸರಾಗಿದ್ದರೆ ನೋವಾಗುತ್ತಾ, ಊರಿಗೆ ಗೊತ್ತಾಗುತ್ತಾ, ಮಗು ಆಗುತ್ತಾ ಅಂತ ಕೇಳುತ್ತಿದ್ದರು. ಮಕ್ಕಳಾಗದ ಗಂಡಸರನ್ನ ಪರೀಕ್ಷಿಸುವ ಹಾಸನದ ಕೇಂದ್ರದಲ್ಲಿ ಕೆಲಸ ಮಾಡುವ ರುಖಿಯಾ ಅಂಥವರನ್ನ ದಿನಾ ನೋಡಿದವಳು. ಕೆಲವರು ಕುರ್ಚಿಯಲ್ಲಿ ಕೂತ ಕೂಡಲೇ ಅತ್ತುಬಿಡುತ್ತಾರೆ, ಕೆಲವರು ಜಗಳಕ್ಕೆ ಬಂದವರ ಹಾಗೆ ಎದೆ ಸೆಟೆಸಿ ಕೂರುತ್ತಾರೆ. ಇವನದು ಎರಡೂ ಇಲ್ಲ. ಕಡೂರಿನಿಂದ ಬೆಳಗಿನ ರೈಲು ಹಿಡಿದು ಬಂದು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಇನ್ಯಾರದೋ ರೇಷನ್ ಕಾರ್ಡಿನ ಕೆಲಸಕ್ಕೆ ಬಂದವನ ಹಾಗೆ ಕೂತಿದ್ದ. ಮದುವೆಯಾಗಿ ಹತ್ತು ವರ್ಷವಾಗುತ್ತ ಬಂದಿತ್ತು. ಮೊದಮೊದಲು ಆಸೆ, ಆಮೇಲೆ ಸಂಕಟ, ಆಮೇಲೆ ಸಿಟ್ಟು, ಎಲ್ಲ ಬಂದು ಹೋಗಿ ಈಗ ಏನೂ ಉಳಿದಿರಲಿಲ್ಲ. ಯಾರು ಏನು ಹೇಳಿದರೂ ‘ಆಯ್ತು’ ಅನ್ನುತ್ತಿದ್ದ.

ಆ ಕಾಲದಲ್ಲಿ ಗಂಡಸರ ಈ ತಾಪತ್ರಯ ಗುಟ್ಟಾಗಿ ಉಳಿದಿರಲಿಲ್ಲ. ಒಂದು ಬೀದಿ ಹಿಡಿದು ನಡೆದರೆ ನಾಲ್ಕರಲ್ಲಿ ಮೂರು ತೊಟ್ಟಿಲು ಕಾಣದ ಮನೆ. ಮೊದಲೆಲ್ಲ ಹೆಂಗಸರನ್ನ ಡಾಕ್ಟರಿಂದ ಡಾಕ್ಟರಿಗೆ, ದೇವರಿಂದ ದೇವರಿಗೆ ಎಳೆದಾಡುತ್ತಿದ್ದ ಜನ ಈಗ ಗಂಡಸರನ್ನೇ ಮುಂದೆ ತಳ್ಳುವುದು ಕಲಿತಿದ್ದರು. ಆದರೆ ಕಾರಣ? ನೀರಿನಲ್ಲಿದೆ ಅನ್ನುವವರು ಕೆಲವರು, ತೋಟಕ್ಕೆ ಹೊಡೆಯುವ ಔಷಧಿಯಲ್ಲಿದೆ ಅನ್ನುವವರು ಕೆಲವರು, ಪ್ಲಾಸ್ಟಿಕ್ಕು, ಬಿಸಿಲು, ಬಿಗಿ ಪ್ಯಾಂಟು, ಪಾಪ ಅನ್ನುವವರು ಮಿಕ್ಕವರು. ಒಬ್ಬೊಬ್ಬ ಗಂಡಸಿನ ಒಳಗೆ ಅದು ಯಾವತ್ತು, ಯಾತಕ್ಕೆ ನಿಂತಿತು ಅಂತ ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಬಟ್ಟಲು ಪರೀಕ್ಷೆ ಬಂದದ್ದು ಅದಕ್ಕೇ.

ಪರೀಕ್ಷೆ ಕೇಳೋದಕ್ಕೆ ಸರಳ. ತೋಳಿನಿಂದ ಕಡಲೆಕಾಳಿನಷ್ಟು ಚರ್ಮ ತೆಗೆಯುತ್ತಾರೆ. ಆ ಚರ್ಮದ ಕಣಗಳಿಗೆ ತಾವು ಚರ್ಮ ಅನ್ನೋದನ್ನ ಮರೆಸಿ, ತಾಯಿ ಹೊಟ್ಟೆಯಲ್ಲಿದ್ದಾಗಿನ ಸ್ಥಿತಿಗೆ ಒಯ್ದು, ಅಲ್ಲಿಂದ ವೃಷಣದ ಅಂಗಾಂಶವಾಗಿ ಬೆಳೆಸುತ್ತಾರೆ. ಎರಡು ಬಟ್ಟಲು. ಒಂದರ ಮೇಲೆ ಆ ಗಂಡಸು ಬದುಕಿದ ಬದುಕನ್ನೆಲ್ಲ ಹಾಯಿಸುತ್ತಾರೆ, ಅವನ ಒಂದು ವರ್ಷ ಬಟ್ಟಲಿಗೆ ಒಂದು ದಿನದ ಲೆಕ್ಕದಲ್ಲಿ. ಅವನಿಗೆ ಬಂದ ಜ್ವರ ಅದಕ್ಕೂ ಬರುತ್ತದೆ, ಅವನು ಸೇದಿದ ಬೀಡಿಯ ವಿಷ ಅದಕ್ಕೂ ತಾಗುತ್ತದೆ. ಮಿದುಳು ಕಳಿಸುವ ಹಾರ್ಮೋನಿನ ಸಂದೇಶಗಳನ್ನು ಪಕ್ಕದಲ್ಲೇ ಕೂತ ಯಂತ್ರ ಕಳಿಸುತ್ತದೆ. ಇನ್ನೊಂದು ಬಟ್ಟಲಿಗೆ ಏನೂ ಮಾಡುವುದಿಲ್ಲ. ತಣ್ಣಗೆ, ಮೈಯ ಶಾಖಕ್ಕಿಂತ ಒಂದಿಷ್ಟು ಕಡಿಮೆಯಲ್ಲಿ, ಸುಮ್ಮನೆ ಬೆಳೆಯಲು ಬಿಡುತ್ತಾರೆ. ಕೇಂದ್ರದವರು ಮೊದಲನೆಯದಕ್ಕೆ ಬೆಂದದ್ದು, ಎರಡನೆಯದಕ್ಕೆ ಬೇಯದ್ದು ಅಂತ ಹೆಸರಿಟ್ಟಿದ್ದರು. ಎರಡೂ ಸತ್ತರೆ ದೋಷ ಹುಟ್ಟಿನಿಂದ ಬಂದದ್ದು. ಬೆಂದದ್ದು ಮಾತ್ರ ಸತ್ತರೆ ದೋಷ ಬದುಕಿನದು.

“ನೀವು ಎಷ್ಟು ಹೇಳ್ತೀರೋ ಅಷ್ಟೇ ಬಟ್ಟಲಿಗೆ ಗೊತ್ತಾಗೋದು. ನಾಚಿಕೆ ಪಟ್ಕೊಂಡು ಮುಚ್ಚಿಟ್ರೆ ನಾವು ಬೇರೆ ಯಾರದೋ ಬದುಕು ಬೇಯಿಸ್ತಾ ಇರ್ತೀವಿ” ಅಂದಳು ರುಖಿಯಾ.

ಲೋಹಿತ ಎಲ್ಲ ಹೇಳಿದ. ಚಿಕ್ಕಂದಿನಲ್ಲಿ ಬಂದ ಟೈಫಾಯಿಡ್, ಸೈಕಲ್ಲಿಂದ ಬಿದ್ದದ್ದು, ಪಿಯುಸಿ ಓದುವಾಗ ಗೆಳೆಯರ ಜೊತೆ ಕುಡಿದದ್ದು. ಮಂಗನಬಾವು ಬಂದಿರಲಿಲ್ಲ. ಬೀಡಿ ಸಿಗರೇಟು ಇಲ್ಲ. “ಔಷಧಿ ಗಿವುಷಧಿ?” ಅಂದದ್ದಕ್ಕೆ “ಜ್ವರದ ಮಾತ್ರೆ ಬಿಟ್ರೆ ಏನೂ ಇಲ್ಲ” ಅಂದ. ಮತ್ತೆ ಭಟ್ಟಿ. ಹದಿನೇಳನೇ ವಯಸ್ಸಿನಿಂದ ಅಪ್ಪನ ಬೇಕರಿಯಲ್ಲಿ ಭಟ್ಟಿಯ ಬಾಯಿಗೆ ನಿಂತವನು ಅವನು. ಭಟ್ಟಿಯ ಬಾಯಿ ಎಷ್ಟು ಎತ್ತರ ಅಂತ ರುಖಿಯಾ ಕೇಳಿದಳು. ಲೋಹಿತ ಎದ್ದು ನಿಂತು, ಸೊಂಟದಿಂದ ಒಂದು ಗೇಣು ಕೆಳಗೆ ಕೈಯಿಟ್ಟು ತೋರಿಸಿದ. ಕೈ ಎಲ್ಲಿ ಹೋಗಿ ನಿಂತಿದೆ ಅಂತ ನೋಡಿಕೊಂಡು ಹಾಗೇ ತೆಗೆದ.

“ಸರಿ ಹೋಯ್ತು” ಅಂದಳು ರುಖಿಯಾ. “ಇದೇ ಇರಬೇಕು ಬಿಡಿ.”

ಕಡೂರಿನ ಮನೆಯಲ್ಲಿ ಓಂಕಾರಪ್ಪನೂ ಎರಡು ವರ್ಷದಿಂದ ಅದನ್ನೇ ಅಂದುಕೊಂಡಿದ್ದ. ಲೋಹಿತನ ಅಪ್ಪ ಆತ, ಎಪ್ಪತ್ತರ ಹತ್ತಿರದ ಗಟ್ಟಿ ಮುದುಕ, ಊರಿಗೆಲ್ಲ ಖಾರಾ ಬಿಸ್ಕತ್ತಿನ ಓಂಕಾರಪ್ಪ. ಗಂಡು ಮಕ್ಕಳಿಬ್ಬರಲ್ಲಿ ಚಿಕ್ಕವನು ಮನೋಜನಿಗೆ ಉಬ್ಬಸ. ಹೊಗೆ ತಾಗಿದರೆ ಆಗುವುದಿಲ್ಲ ಅಂತ ಅವನನ್ನು ಮುಂದೆ ಗಲ್ಲಾಪೆಟ್ಟಿಗೆಗೆ ಕೂರಿಸಿ, ಗಟ್ಟಿಮುಟ್ಟಾಗಿದ್ದ ದೊಡ್ಡವನ ಕೈ ಹಿಡಿದು ಭಟ್ಟಿಗೆ ನಿಲ್ಲಿಸಿದ್ದ. ಆ ಬೇಕರಿಯಲ್ಲಿ ಒಂದು ಪದ್ಧತಿ. ಭಟ್ಟಿಗೆ ನಿಂತವನು ಕೊನೇ ತಟ್ಟೆ ಹೊರಗೆ ಬರುವ ತನಕ ಅದರ ಬಾಯಿಯಿಂದ ಅಲುಗುವಂತಿಲ್ಲ, ಇನ್ನೊಬ್ಬನ ಕೈಗೆ ಸಲಿಕೆ ಕೊಡುವಂತಿಲ್ಲ. ಕೈ ಬದಲಾದರೆ ಹದ ಕೆಡುತ್ತದೆ ಅನ್ನುವ ನಂಬಿಕೆ. ಗಲ್ಲಾಪೆಟ್ಟಿಗೆಗೆ ಕೂತ ಮನೋಜನಿಗೆ ಇಬ್ಬರು ಹೆಣ್ಣು ಮಕ್ಕಳಾದರು. ಭಟ್ಟಿಗೆ ನಿಂತ ಲೋಹಿತನಿಗೆ ಇಲ್ಲ.

ಟಿವಿಯಲ್ಲಿ ಯಾರೋ ಡಾಕ್ಟರು, ಶಾಖಕ್ಕೆ ಗಂಡಸರ ಬೀಜ ಸಾಯುತ್ತದೆ ಅಂದದ್ದನ್ನ ಕೇಳಿದ ದಿನದಿಂದ ಓಂಕಾರಪ್ಪ ಮಗನ ಕೈಯಿಂದ ಸಲಿಕೆ ಕಿತ್ತುಕೊಂಡು ತಾನೇ ಭಟ್ಟಿಗೆ ನಿಂತ. ಯಾರು ಹೇಳಿದರೂ ಕೇಳಲಿಲ್ಲ. ಮಗನ ಎದುರು ಊಟಕ್ಕೆ ಕೂರುವುದನ್ನೂ ಬಿಟ್ಟ. ಸೊಸೆ ತಟ್ಟೆ ಹಾಕಿದರೆ “ಆಮೇಲೆ” ಅನ್ನುತ್ತಿದ್ದ. ಆಮೇಲೆ ಹಿತ್ತಲ ಬಾಗಿಲಲ್ಲಿ ನಿಂತುಕೊಂಡೇ ಎರಡು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಲೋಹಿತ ಇದೆಲ್ಲ ನೋಡುತ್ತಿದ್ದ. ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸುತ್ತಿರಲಿಲ್ಲ.

ಸಿಂಚನ ಅಂದರೆ ಲೋಹಿತನ ಹೆಂಡತಿ, ಬೀರೂರಿನವಳು, ಕೆನೆಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವುದರಲ್ಲಿ ಎತ್ತಿದ ಕೈ. ಮದುವೆಯಾಗಿ ಬಂದ ಹೊಸದರಲ್ಲಿ ಭಾನುವಾರ ಬಂತು ಅಂದರೆ ಅವಳಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಗಿಣಿ, ಬಸ್ಸು, ಚಿಟ್ಟೆ ಆಕಾರದ ಅಚ್ಚುಗಳು ಸಾಲಾಗಿ ನೇತಾಡುತ್ತಿದ್ದವು. ಈಗ ಅವು ಅಟ್ಟದಲ್ಲಿವೆ. ಊರಲ್ಲಿ ಮಕ್ಕಳೇ ಅಪರೂಪವಾದ ಮೇಲೆ ಹುಟ್ಟುಹಬ್ಬ ಎಲ್ಲಿಂದ ಬರಬೇಕು? ರಿಟೈರ್ ಆಗುವ ಮೇಷ್ಟ್ರಿಗೆ ಒಂದು, ಯಾರದೋ ನಾಯಿಗೆ ಒಂದು, ಹೀಗೆ. ಮೊನ್ನೆ ಒಂದು ನಾಯಿಯ ಕೇಕಿಗೆ “ನಮ್ಮ ಕಂದ ರಾಜನಿಗೆ” ಅಂತ ಬರೆದುಕೊಟ್ಟು, ಒಳಗೆ ಬಂದು ಕೈ ತೊಳೆದು, “ರೀ, ನಾಯಿ ಪುಣ್ಯ ಮಾಡಿತ್ತು ನೋಡಿ” ಅಂದು ನಕ್ಕಿದ್ದಳು. ಅವಳಿಗೆ ಇನ್ನೂ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಆ ಮನೆಯಲ್ಲಿ ಅದು ಅವಳೊಬ್ಬಳಿಗೇ ಸಾಧ್ಯವಿತ್ತು.

ಒಂದು ಸಲ ಗಂಡನ ಜೊತೆ ಹಾಸನಕ್ಕೆ ಹೋಗಿದ್ದ ಅವಳೇ ಕೇಂದ್ರದಲ್ಲಿ ಪಕ್ಕದ ಕುರ್ಚಿಯ ಹೆಂಗಸಿನಿಂದ ಸುದ್ದಿ ಹೆಕ್ಕಿ ತಂದದ್ದು. ದೋಷ ಬದುಕಿನದು ಅಂತ ಖಚಿತವಾದರೆ, ಕಾರಣ ಇಂಥದ್ದೇ ಅಂತ ಗೊತ್ತಾದರೆ, ಬೇಯದ ಬಟ್ಟಲಿನಲ್ಲಿ ಬೆಳೆದ ವೀರ್ಯವನ್ನು ಗಂಡ ಹೆಂಡತಿಗೆ ಕೊಡುತ್ತಾರಂತೆ.

“ನಿಮ್ಮದೇ ಅಲ್ವೇನ್ರೀ ಅದು? ನಿಮ್ಮ ಚರ್ಮ, ನಿಮ್ಮ ರಕ್ತ. ಬೇರೆ ಯಾರದ್ದೋ ಅಲ್ಲವಲ್ಲ!”

“ಆಯ್ತು” ಅಂದ ಲೋಹಿತ.

ಮುಂದಿನ ಸಲ ಹಾಸನಕ್ಕೆ ಹೋದಾಗ ರುಖಿಯಾ ಅವನನ್ನು ಒಳಗೆ ಕರೆದು ಪರದೆ ತೋರಿಸಿದಳು. ಸಾಲು ಸಾಲು ಬಟ್ಟಲುಗಳಿಟ್ಟ ಗಾಜಿನ ಕಪಾಟು. ಹೊರಗೆ ಒಂದೊಂದಕ್ಕೂ ಒಂದು ಪರದೆ, ಪರದೆಯ ತುಂಬ ಹಸಿರು ಚುಕ್ಕಿ. ಒಂದೊಂದು ಚುಕ್ಕಿಯೂ ವೀರ್ಯಾಣು ತಯಾರಾಗುತ್ತಿರುವ ಒಂದೊಂದು ಜಾಗ. ಬೇಯದ್ದರ ಪರದೆ ಭತ್ತದ ಸಸಿಮಡಿಯ ಹಾಗೆ ಹಸಿರಾಗಿತ್ತು.

“ಇದು ನಿಮ್ಮದೇ. ಹುಟ್ಟಿನಿಂದ ಏನೂ ದೋಷ ಇಲ್ಲ” ಅಂದಳು. “ಈಗ ಇದು ನೋಡಿ.”

ಬೆಂದದ್ದರ ಪರದೆ. ಟೈಫಾಯಿಡ್ ಬಂದು ಹೋಯಿತು, ಚುಕ್ಕಿಗಳು ಸ್ವಲ್ಪ ಕಳೆಗುಂದಿ ಮತ್ತೆ ಬೆಳಗಿದವು. ಭಟ್ಟಿ ಶುರುವಾಯಿತು. ಹಸಿರು ಕಡಿಮೆಯಾಗುತ್ತ ಬಂತು, ಅರ್ಧಕ್ಕಿಂತ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಬೇಕರಿಗೆ ಸುಣ್ಣ ಬಳಿಸಿ ಭಟ್ಟಿ ಆರಿಸಿದ್ದ ಒಂದು ಬೇಸಿಗೆಯಲ್ಲಿ ಸರಸರ ಮೇಲೆದ್ದಿತು. ಮತ್ತೆ ಭಟ್ಟಿ, ಮತ್ತೆ ಇಳಿತ.

“ಶಾಖ ಹೀಗೇ. ವೀರ್ಯಾಣು ತಯಾರಾಗೋಕೆ ಹೆಚ್ಚುಕಡಿಮೆ ಮೂರು ತಿಂಗಳು ಬೇಕು. ಅಷ್ಟು ದಿನ ಬೆಂಕಿಯಿಂದ ದೂರ ಇದ್ರೆ ಸಾಕು, ತಾನಾಗೇ ಚೇತರಿಸ್ಕೊಳ್ಳುತ್ತೆ. ನಿಮಗೆ ಮದುವೆ ಆದ ಹೊಸದರಲ್ಲಿ ಒಂದು ಮೂರು ತಿಂಗಳು ಯಾರಾದ್ರೂ ರಜೆ ಕೊಟ್ಟಿದ್ದರೆ...” ರುಖಿಯಾ ಮಾತು ಅಲ್ಲಿಗೇ ನಿಲ್ಲಿಸಿದಳು. “ಭಟ್ಟಿ ಬಿಟ್ಟು ಎರಡು ವರ್ಷ ಆಯ್ತು ಅಂತೀರಿ. ಈ ಬಟ್ಟಲು ಇವತ್ತು ಹಸಿರಾಗಿದೆ. ನಿಮ್ಮಲ್ಲಿ ಮಾತ್ರ ಒಂದು ಚುಕ್ಕಿನೂ ಇಲ್ಲ. ಹಾಗಾದ್ರೆ ನೀವು ಬದುಕಿದ್ದು ಏನೋ ಇದಕ್ಕೆ ಬಂದಿಲ್ಲ, ಲೋಹಿತ್ ಅವರೇ. ಏನು ಬಿಟ್ಟಿದ್ದೀರಿ?”

“ಎಲ್ಲ ಹೇಳಿದೀನಿ ಮೇಡಂ.”

“ಔಷಧಿ ಅಂದ್ರೆ ಮಾತ್ರೆ ಅಷ್ಟೇ ಅಲ್ಲ. ಲೇಹ್ಯ, ಟಾನಿಕ್ಕು, ಶಕ್ತಿಗೆ ಅಂತ ಇಂಜೆಕ್ಷನ್ನು? ಮೈ ಬರಲಿ ಅಂತ ಜಿಮ್ ಹುಡುಗರು ತಗೋತಾರಲ್ಲ, ಗಂಡಸುತನದ ಹಾರ್ಮೋನು? ಅದು ಹೊರಗಿಂದ ಬರೋಕೆ ಶುರುವಾದ್ರೆ ಮಿದುಳು ಏನು ಮಾಡುತ್ತೆ ಗೊತ್ತಾ? ಬೇಕಾದಷ್ಟು ಇದೆಯಲ್ಲ ಅಂದ್ಕೊಂಡು ಕೆಳಗೆ ಸಂದೇಶ ಕಳಿಸೋದೇ ನಿಲ್ಲಿಸುತ್ತೆ. ಮೇಲೆ ನೋಡಿದ್ರೆ ಗಡ್ಡ, ಮೀಸೆ, ತೋಳು, ಎಲ್ಲ ಜೋರು. ಒಳಗೆ ಕಾರ್ಖಾನೆ ಬಾಗಿಲು ಹಾಕಿರುತ್ತೆ.”

ಲೋಹಿತನಿಗೆ ಆ ಕ್ಷಣವೇ ಗೊತ್ತಾಯಿತು. ಎದೆ ಧಸಕ್ ಅನ್ನಲಿಲ್ಲ, ಏನೂ ಆಗಲಿಲ್ಲ. ಗೊತ್ತಾಯಿತು ಅಷ್ಟೆ.

“ಕಾರಣ ಸಿಗದೇ ಹೋದ್ರೆ?” ಅಂತ ಕೇಳಿದ.

“ಸಿಗದೇ ಹೋದ್ರೆ ‘ಬಹುಶಃ ಶಾಖ’ ಅಂತ ವರದಿ ಮುಗಿಸ್ತೀವಿ. ಇರೋದರಲ್ಲಿ ಅದೇ ದೊಡ್ಡದಲ್ವಾ? ಆದರೆ ಬಹುಶಃ ಅಂತ ಇದ್ದರೆ ಬೇಯದ್ದನ್ನ ಕೊಡೋ ಹಾಗಿಲ್ಲ. ಅದನ್ನ ನಾಶ ಮಾಡ್ತೀವಿ. ಕಾನೂನು.”

“ಯೋಚನೆ ಮಾಡಿ ಹೇಳ್ತೀನಿ” ಅಂದು ಲೋಹಿತ ಎದ್ದು ಬಂದ.

ರೈಲಿನಲ್ಲಿ ಕೂತು ಯೋಚನೆ ಮಾಡಿದ. ಮದುವೆಯಾಗಿ ಎರಡು ವರ್ಷಕ್ಕೂ ಏನೂ ಆಗದಿದ್ದಾಗ ಸಿಂಚನ ತನ್ನ ಸೋದರಮಾವನ ಹತ್ತಿರ ಹೇಳಿಕೊಂಡಿದ್ದಳು. ಆ ಗಂಗಾಧರ ಮಾವ ಬೀರೂರಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದ. ಒಳ್ಳೆಯ ಮನುಷ್ಯ, ಊರಿನ ಅರ್ಧ ಜನಕ್ಕೆ ಅವನೇ ಡಾಕ್ಟರು. “ಗಂಡನಿಗೆ ಶಕ್ತಿ ಸಾಲ್ತಿಲ್ಲ ಕಣವ್ವ, ಬೆಂಕಿ ಮುಂದೆ ನಿಂತು ಬಸವಳಿದಿದ್ದಾನೆ” ಅಂತ ಎಣ್ಣೆಯಂಥ ಔಷಧಿಯ ಪುಟ್ಟ ಸೀಸೆಗಳನ್ನ ಕೊಟ್ಟ. ಸಿಂಚನ ಅಮ್ಮನಿಗೆ ಸಕ್ಕರೆ ಕಾಯಿಲೆಯ ಸೂಜಿ ಹಾಕಿ ಕೈ ಪಳಗಿಸಿಕೊಂಡವಳು. ಶನಿವಾರ ಲೋಹಿತನಿಗೆ ತಲೆಗೆ ಎಣ್ಣೆ ಒತ್ತಿ, ಬಿಸಿ ನೀರು ಹುಯ್ದು, ಮೈ ಒರೆಸಿ, ಮಂಚದ ಮೇಲೆ ಬೋರಲಾಗಿ ಮಲಗಿಸಿ ಸೂಜಿ ಹಾಕುತ್ತಿದ್ದಳು. ಚುಚ್ಚಿದ ಜಾಗವನ್ನು ಅಂಗೈಯಿಂದ ತಿಕ್ಕುತ್ತ ಅದೂ ಇದೂ ಮಾತಾಡುತ್ತಿದ್ದಳು. ವಾರವೆಲ್ಲ ಬೆಂಕಿ, ಹಿಟ್ಟು, ಬೈಗುಳ. ಶನಿವಾರದ ಆ ಹೊತ್ತು ಮಾತ್ರ ಅವನಿಗೆ ಸುಖವಾಗಿರುತ್ತಿತ್ತು. ನೋಡನೋಡುತ್ತ ಮೈ ತುಂಬಿಕೊಂಡಿತು, ದನಿ ದಪ್ಪಗಾಯಿತು. “ಏನಪ್ಪಾ ಲೋಹಿತ, ಹೆಂಡ್ತಿ ಕೈಗುಣ! ಕಳೆ ಬಂದುಬಿಟ್ಟಿದೆ” ಅಂತ ಬೀದಿಯವರು ಅನ್ನುತ್ತಿದ್ದರು. ಗಂಗಾಧರ ಮಾವ ತೀರಿಕೊಂಡು ಅಂಗಡಿ ಮುಚ್ಚುವ ತನಕ, ಆರೇಳು ವರ್ಷ, ಶನಿವಾರ ತಪ್ಪಿದ್ದಿಲ್ಲ.

ಅದನ್ನ ಅವನು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಮುಚ್ಚಿಡಬೇಕು ಅಂತ ಅಲ್ಲ. ಆ ಮನೆಯಲ್ಲಿ ಔಷಧಿ ಅಂದರೆ ಕಾಯಿಲೆ ಬಿದ್ದವರು ತಗೊಳ್ಳೋದು. ಶಕ್ತಿಗೆ ತಗೊಂಡದ್ದು ತುಪ್ಪ, ಬಾದಾಮಿಯ ಲೆಕ್ಕ. ತುಪ್ಪ ತಿಂದಿದ್ದನ್ನ ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

ಈಗ ಬಾಯಿ ಬಿಟ್ಟರೆ ಸಿಂಚನಳಿಗೆ ಮಗು ಸಿಗುತ್ತದೆ, ಜೊತೆಗೆ ತನ್ನ ಕೈಯಾರೆ ಏನು ಮಾಡಿದೆ ಅನ್ನುವುದೂ ಗೊತ್ತಾಗುತ್ತದೆ. ಬಾಯಿ ಮುಚ್ಚಿಕೊಂಡರೆ ಅಪ್ಪ ಸಾಯುವ ತನಕ ಹಿತ್ತಲಲ್ಲಿ ನಿಂತೇ ಉಣ್ಣುತ್ತಾನೆ, ಮಗುವೂ ಇಲ್ಲ. ಕಿಟಕಿಯಾಚೆಯ ಮೋಡ ನೋಡುತ್ತ ಕೂತಿದ್ದ ಲೋಹಿತನಿಗೆ ಇದೆಲ್ಲ ಪೇಪರಿನಲ್ಲಿ ಓದಿದ ಯಾರದೋ ಸಂಸಾರದ ಸುದ್ದಿಯ ಹಾಗೆ ಕಂಡಿತು.

ಮನೆಗೆ ಬಂದರೆ ಓಂಕಾರಪ್ಪ ಗಾರೆ ಕೆಲಸದವನನ್ನು ಕರೆಸಿ ಭಟ್ಟಿ ತೋರಿಸುತ್ತ ನಿಂತಿದ್ದ. ಒಡೆಸಿಬಿಡಬೇಕಂತೆ. ಲೋಹಿತನ ತಾತ ಕಟ್ಟಿಸಿದ ಭಟ್ಟಿ.

“ಯಾಕಪ್ಪಾ ಈಗ?” ಅಂದ ಲೋಹಿತ.

“ಯಾಕೆ ಅಂತ ಕೇಳ್ತೀಯಲ್ಲೋ. ನಾನೇ ನಿನ್ನ ಕೈ ಹಿಡ್ಕೊಂಡು ಬಂದು ಇಲ್ಲಿ ನಿಲ್ಲಿಸಿದೆ. ನೀನು ಓದ್ತೀನಿ ಅಂದೆ. ನಾನು, ಓದಿ ಏನು ಕಡಿದು ಕಟ್ಟೆ ಹಾಕ್ತೀಯ ಅಂದೆ.” ಮುದುಕ ಭಟ್ಟಿಯ ಇಟ್ಟಿಗೆಯನ್ನ ಅಂಗೈಯಿಂದ ತಡವಿದ. “ವರದಿಲಿ ಏನು ಬರುತ್ತೋ ಅದು ನನಗೆ ಗೊತ್ತಿರೋದೇ ಬಿಡು.”

ಸಿಂಚನ ಗಂಡನನ್ನು ಒಳಗೆ ಎಳೆದುಕೊಂಡು ಹೋದಳು. “ರೀ, ಆ ಮೇಡಂ ನನಗೂ ಫೋನ್ ಮಾಡಿದ್ರು. ನೀವು ಏನೋ ಹೇಳ್ತಾ ಇಲ್ಲವಂತೆ. ಏನಿದ್ರೂ ಹೇಳ್ಬಿಡಿ. ಗಾಂಜಾ ಸೇದಿದ್ರಾ? ಬೇರೆ ಹೆಂಗಸಿನ ಹತ್ರ ಹೋಗಿ ಏನಾದ್ರೂ ಅಂಟಿಸ್ಕೊಂಡು ಬಂದಿದ್ರಾ? ಆಣೆ ಮಾಡಿ ಹೇಳ್ತೀನಿ, ನಾನು ತುಟಿಪಿಟಿಕ್ ಅನ್ನಲ್ಲ. ನಿಮಗೆ ಏನು ಬೇಕಾದ್ರೂ ಮಾಫಿ. ಮಾವನ ಮುಖ ನೋಡೋಕಾಗ್ತಿಲ್ಲ ಕಣ್ರೀ. ನನಗೂ ಮಗು ಬೇಕು.”

ಅವಳ ಕಣ್ಣಲ್ಲಿ ನೀರು ತುಂಬಿತ್ತು, ಮುಖದಲ್ಲಿ ಆಸೆಯೂ ತುಂಬಿತ್ತು. ಲೋಹಿತ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ರುಖಿಯಾಗೆ ಫೋನ್ ಮಾಡಿದ. ಇಂಜೆಕ್ಷನ್ ತಗೊಂಡಿದ್ದೆ, ವಾರಕ್ಕೊಂದು, ಇಷ್ಟು ವರ್ಷ. ಯಾರು ಹಾಕುತ್ತಿದ್ದರು ಅಂದದ್ದಕ್ಕೆ, “ನಾನೇ ಹಾಕ್ಕೋತಿದ್ದೆ” ಅಂದ.

ಇಂಜೆಕ್ಷನ್ನನ್ನೂ ಸೇರಿಸಿ ಹೊಸದಾಗಿ ಒಂದು ಬಟ್ಟಲು ಬೇಯಿಸಿದ ಮೇಲೆ, ಬೇಯದ್ದನ್ನ ಪಡೆಯಲು ಒಪ್ಪಿಗೆ ಹೇಳೋದಕ್ಕೆ ಇಬ್ಬರೂ ಬರಬೇಕು ಅಂತ ಕೇಂದ್ರದಿಂದ ಕರೆ ಬಂದಾಗ ಸಿಂಚನ ಹಸಿರು ರೇಷ್ಮೆ ಸೀರೆ ಉಟ್ಟಳು. ರುಖಿಯಾ ಇಬ್ಬರನ್ನೂ ಪರದೆಯ ಮುಂದೆ ಕೂರಿಸಿದಳು. ಬಟ್ಟಲಿನ ಇಷ್ಟು ದಿನವನ್ನೂ ನಿಮಿಷಗಳಿಗೆ ಇಳಿಸಿ ತೋರಿಸುತ್ತ ಹೋದಳು. “ಇಲ್ಲಿ ಟೈಫಾಯಿಡ್. ಇಲ್ಲಿಂದ ಭಟ್ಟಿ, ನೋಡಿ, ಕಡಿಮೆ ಆದರೂ ಇದೆ. ಇದು ನಿಮ್ಮ ಮದುವೆ. ಇಲ್ಲಿಂದ ಆ ಇಂಜೆಕ್ಷನ್.”

ಹಸಿರು ಚುಕ್ಕಿಗಳು ಒಂದೊಂದಾಗಿ ಆರಿದವು. ಯಾರೋ ಬೀದಿ ದೀಪ ಆರಿಸಿಕೊಂಡು ಹೋದ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ. ಕೊನೆಗೆ ಪರದೆ ಬರೀ ಕಪ್ಪಾಯಿತು.

“ಆಮೇಲೆ ನಿಲ್ಲಿಸಿ ನೋಡಿದ್ವಿ. ಎಬ್ಬಿಸೋ ಔಷಧಿನೂ ಕೊಟ್ವಿ. ಎಷ್ಟೋ ಜನರಲ್ಲಿ ಏಳುತ್ತೆ. ಇವರದ್ದು ಏಳಲಿಲ್ಲ. ಇವರಿಗೆ ಯಾರು ಹೇಳಿದ್ರೋ, ಮಕ್ಕಳಾಗಲಿ ಅಂತ ತಾವೇ ಹಾಕ್ಕೊಂಡ್ರಂತೆ. ಆಗಬಾರದು ಅಂತ ಇದ್ದೋರು ಮಾಡ್ಕೊಳ್ಳೋ ಕೆಲಸ ಅದು.”

ಸಿಂಚನ ಪರದೆಯನ್ನೇ ನೋಡುತ್ತಿದ್ದಳು. “ಅವರಲ್ಲ. ನಾನು ಹಾಕ್ತಿದ್ದೆ” ಅಂದಳು. “ಶನಿವಾರ ಶನಿವಾರ. ತಲೆಗೆ ನೀರು ಹಾಕಿ.”

ರುಖಿಯಾ ತುಟಿ ಕಚ್ಚಿಕೊಂಡಳು. ಒಪ್ಪಿಗೆ ಹೇಳುವ ಯಂತ್ರದ ಮುಂದೆ ಲೋಹಿತ ತನ್ನ ಹೆಸರು ಹೇಳಿ ‘ಒಪ್ಪಿದ್ದೇನೆ’ ಅಂದ. ಸಿಂಚನ ಯಂತ್ರದ ಹತ್ತಿರ ಹೋಗದೆ ಬಾಗಿಲ ಕಡೆಗೆ ನಡೆದಳು. ವಾರದೊಳಗೆ ಬಂದು ಹೇಳದಿದ್ದರೆ ಬೇಯದ್ದನ್ನ ತೆಗೆದುಬಿಡುತ್ತಾರೆ ಅಂತ ರುಖಿಯಾ ಮೆಲ್ಲಗೆ ತಿಳಿಸಿ ಕಳಿಸಿದಳು.

ಮನೆಯ ಜಗಲಿಯಲ್ಲಿ ಓಂಕಾರಪ್ಪ ಕಾಯುತ್ತ ಕೂತಿದ್ದ. ಇವರನ್ನ ಕಂಡು ಎದ್ದು ನಿಂತ. “ಏನಂತೆ? ನನ್ನ ಭಟ್ಟಿನಾ?”

ಲೋಹಿತ ಏನು ಹೇಳಲಿ ಅಂತ ಯೋಚಿಸುತ್ತಿದ್ದ ಹಾಗೇ ಸಿಂಚನ ಹೇಳಿದಳು. “ಅಲ್ಲ ಮಾವ. ಭಟ್ಟಿ ಅಲ್ಲ. ನಾನು ಹಾಕಿದ ಸೂಜಿ.”

“ಸದ್ಯ!” ಅಂದ ಓಂಕಾರಪ್ಪ.

ಒಂದೇ ಒಂದು ಮಾತು. ಎರಡು ವರ್ಷದ ಉಸಿರು ಅದರ ಜೊತೆಗೇ ಹೊರಗೆ ಬಂತು. ಮುಖ ಅರಳಿತು ಕೂಡ. ಆಮೇಲೆ ಸೊಸೆಯ ಮುಖ ಕಂಡು, ತಾನು ಅಂದದ್ದು ಏನು ಅಂತ ಅರಿವಾಗಿ, ಜಗಲಿ ಕಂಬ ಹಿಡಿದುಕೊಂಡು ಕೂತ. “ಬಾಯಿ ತಪ್ಪಿ ಬಂತು ಕಣವ್ವ” ಅಂದ. “ತಪ್ಪಿ ಬರಲಿಲ್ಲ ಬಿಡಿ ಮಾವ. ಎಷ್ಟು ದಿನದಿಂದ ಕಾಯ್ತಾ ಇತ್ತೋ” ಅಂದಳು ಸಿಂಚನ. ಒಳಗೆ ಹೋಗಿ ತಟ್ಟೆ ಹಾಕಿದಳು. ಅವತ್ತು ಓಂಕಾರಪ್ಪ ಮಗನ ಪಕ್ಕದಲ್ಲಿ ಕೂತು ಉಂಡ. ಬಡಿಸಿದವಳು ನಿಂತುಕೊಂಡೇ ಇದ್ದಳು.

ಆಮೇಲಿನ ದಿನಗಳಲ್ಲಿ ಸಿಂಚನ ಕೆಲಸ ಮಾಡಿದಳು, ಮಾತಾಡಲಿಲ್ಲ. ನಗುವೂ ಇಲ್ಲ, ಅಳುವೂ ಇಲ್ಲ. ಒಂದು ಬೆಳಿಗ್ಗೆ ಯಾರದೋ ಅರವತ್ತರ ಶಾಂತಿಯ ಕೇಕಿಗೆ ಕೆನೆ ಹಚ್ಚುತ್ತಿದ್ದವಳು ಕೈ ನಿಲ್ಲಿಸಿ, “ನಿಮಗೆ ನನ್ನ ಮೇಲೆ ಸಿಟ್ಟಿಲ್ವಾ?” ಅಂತ ಕೇಳಿದಳು.

“ಇದೆಯಾ ಅಂತ ಹುಡುಕಿ ನೋಡಿದೆ. ಸಿಗಲಿಲ್ಲ.”

“ಸಿಟ್ಟಾದ್ರೂ ಮಾಡ್ಕೊಳ್ರೀ! ನಾಲ್ಕು ಬೈಯಿರಿ. ಹೀಗೆ ಕಲ್ಲು ಕೂತಂಗೆ ಕೂತಿದ್ರೆ ನಾನು ಏನು ಮಾಡಲಿ?”

ಲೋಹಿತ ಮೇಜಿನ ಮೇಲೆ ಚೆಲ್ಲಿದ್ದ ಸಕ್ಕರೆ ಒರೆಸಿದ. ಅವಳು ಚಾಕು ಕೆಳಗಿಟ್ಟಳು. “ಆ ಬಟ್ಟಲಲ್ಲಿ ಇರೋದು ನನ್ನ ಕೈ ತಾಗದೇ ಇರೋ ನೀವು. ಅದಕ್ಕೇ ಚೆನ್ನಾಗಿದೆ ಅದು. ನಾನು ಹೋಗಿ ಅದನ್ನ ಹೇಗೆ ಕೇಳಲಿ? ಯಾವ ಮುಖ ಇಟ್ಕೊಂಡು ಕೇಳಲಿ?”

“ಅದು ಏನೂ ಕಂಡಿಲ್ಲ ಸಿಂಚು. ಭಟ್ಟಿ ಕಂಡಿಲ್ಲ, ಅಪ್ಪನ್ನ ಕಂಡಿಲ್ಲ, ನಿನ್ನನ್ನೂ ಕಂಡಿಲ್ಲ. ಅದಕ್ಕೆ ಯಾರ ಮೇಲೂ ಏನೂ ಇಲ್ಲ. ನಿನಗೆ ಮಗು ಬೇಕು. ಹೋಗೋಣ.” ಇಷ್ಟನ್ನೂ ಬಸ್ಸಿನ ವೇಳೆ ಹೇಳುವವನ ದನಿಯಲ್ಲೇ ಹೇಳಿದ.

ವಾರದ ಕೊನೆಯ ದಿನ ಇಬ್ಬರೂ ಹಾಸನಕ್ಕೆ ಹೋದರು. ಈ ಸಲ ಅವಳು ಉಟ್ಟದ್ದು ಮನೆಯ ಸೀರೆ. ಯಂತ್ರದ ಮುಂದೆ ನಿಂತು ತನ್ನ ಹೆಸರು ಹೇಳಿ, ‘ಒಪ್ಪಿದ್ದೇನೆ’ ಅಂದಳು. ರುಖಿಯಾ “ಒಳ್ಳೇದಾಯ್ತಮ್ಮ” ಅಂತ ಅವಳ ಭುಜ ತಟ್ಟಿ, ಬೇಯದ ಬಟ್ಟಲನ್ನು ಪಕ್ಕದ ಆಸ್ಪತ್ರೆಗೆ ಕಳಿಸಲು ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಕೈಗವಸು ಹಾಕಿಕೊಂಡು ಕಪಾಟಿನಿಂದ ಇನ್ನೊಂದು ಬಟ್ಟಲು ಹೊರತೆಗೆದಳು. ಕೇಸು ಮುಗಿದ ಮೇಲೆ ಬೆಂದದ್ದನ್ನ ಸುಡುವ ಡಬ್ಬಿಗೆ ಹಾಕುವುದು ಅಲ್ಲಿಯ ಕ್ರಮ.

“ಅದನ್ನ ಏನು ಮಾಡ್ತೀರಿ?” ಅಂದಳು ಸಿಂಚನ.

“ಇದಾ? ಎಸೀತೀವಿ. ಇದರಲ್ಲಿ ಏನೂ ಇಲ್ಲಮ್ಮ, ಆರಿಹೋಗಿದೆ.”

“ನನಗೆ ಕೊಡ್ತೀರಾ?”

“ಅಯ್ಯೋ, ಕೊಡೋ ಹಾಗಿಲ್ಲಮ್ಮ. ಇದನ್ನಿಟ್ಕೊಂಡು ನೀವೇನು ಮಾಡ್ತೀರಿ? ನಿಮಗೆ ಬೇಕಾಗಿದ್ದು ಆ ಪೆಟ್ಟಿಗೇಲಿದೆ.”

“ಅದು ಮಗುಗೆ” ಅಂದಳು ಸಿಂಚನ. “ನನ್ನ ಜೊತೆ ಸಂಸಾರ ಮಾಡಿದ್ದು ಇದು. ಒಂದು ಗಳಿಗೆ ಕೈಲಿಟ್ಕೊಂಡು ಕೊಟ್ಟುಬಿಡ್ತೀನಿ.”

ರುಖಿಯಾ ಆಚೆ ಈಚೆ ನೋಡಿ, ಬಟ್ಟಲನ್ನ ಅವಳ ಅಂಗೈ ಮೇಲಿಟ್ಟಳು. ಗಾಜಿನ ಮುಚ್ಚಳ, ಒಳಗೆ ಬೂದು ಬಣ್ಣದ ಸಾಸಿವೆಕಾಳಿನಷ್ಟು ಏನೋ. ಸಿಂಚನ ಇನ್ನೊಂದು ಅಂಗೈಯಿಂದ ಅದನ್ನ ಮುಚ್ಚಿ, ಗಾಜನ್ನ ಮೆಲ್ಲಗೆ ತಿಕ್ಕುತ್ತ ನಿಂತಳು.

ಲೋಹಿತ ಬಾಗಿಲ ಹತ್ತಿರ ನಿಂತಿದ್ದ. “ಹೊರಡೋಣ, ರೈಲಿಗೆ ಹೊತ್ತಾಯ್ತು” ಅನ್ನಲು ಹೋದವನು ಅಲ್ಲೇ ನೆಲದ ಮೇಲೆ ಕೂತ. ಕೂತವನು, ಆ ಕುರ್ಚಿಗಳಲ್ಲಿ ದಿನಾ ಕೂತು ಅಳುವ ಗಂಡಸರೆಲ್ಲ ತಿರುಗಿ ನೋಡುವ ಹಾಗೆ, ದನಿ ತೆಗೆದು ಅತ್ತ.